ನಿಮಗಿದು ಗೊತ್ತೇ? ಮನೆಯ ಬ್ಯಾಂಡ್‌ಸಾ: ಖರ್ಚು ಕಡಿಮೆ, ಕೊಯ್ತ ನೇರ

ಎರಡು ಚಕ್ರ, ಅವನ್ನು ಸುತ್ತುವ ಹಲ್ಲಿನ ಪಟ್ಟಿ, ತಿರುಗಿಸಲು ಒಂದು ಮೋಟಾರು. ಬ್ಯಾಂಡ್‌ಸಾ ಅಂದರೆ ಇಷ್ಟೇ. ಕೊಯ್ತ ಸೊಟ್ಟಗಾದರೆ ‘ಇನ್ನೂ ದೊಡ್ಡದನ್ನು ಕೊಳ್ಳಬೇಕಿತ್ತು’ ಎಂದು ಹಲುಬುವವರೇ ಹೆಚ್ಚು. ದೋಷ ಬಹಳ ಸಲ ಯಂತ್ರದ ಗಾತ್ರದಲ್ಲಿ ಇರುವುದಿಲ್ಲ; ಬ್ಲೇಡು, ಚಕ್ರದ ಟೈರು, ಬ್ಲೇಡನ್ನು ಓಲಾಡದಂತೆ ಹಿಡಿಯುವ ಗೈಡು, ಬೆಲ್ಟುಗಳಲ್ಲಿ ಇರುತ್ತದೆ. ಇವೆಲ್ಲ ಕಡಿಮೆ ದುಡ್ಡಿನಲ್ಲಿ ಬದಲಾಯಿಸಬಹುದಾದವು. ಒಂದೊಂದಾಗಿ ನೋಡೋಣ.

ಹುಟ್ಟಿದ ಕತೆ

1. ಬ್ಯಾಂಡ್‌ಸಾದ ಪೇಟೆಂಟ್ 19ನೇ ಶತಮಾನದ ಮೊದಲ ದಶಕದಲ್ಲೇ ಲಂಡನ್ನಿನ ವಿಲಿಯಂ ನ್ಯೂಬೆರಿಗೆ ಸಿಕ್ಕಿತ್ತು. ಆದರೆ ಯಂತ್ರ ಬಳಕೆಗೆ ಬರಲಿಲ್ಲ. ಚಕ್ರದ ಮೇಲೆ ಬಾಗಿ ಬಾಗಿ ಬ್ಲೇಡು ತುಂಡಾಗುತ್ತಿತ್ತು, ಇಲ್ಲವೇ ಬೆಸುಗೆ ಬಿಡುತ್ತಿತ್ತು. ಈ ಯಂತ್ರದ ಹಣೆಬರಹ ಬ್ಲೇಡಿನ ಮೇಲೆ ನಿಂತಿದೆ ಎನ್ನುವುದು ಅಂದಿಗೂ ನಿಜ, ಇಂದಿಗೂ ನಿಜ.

2. ಆ ತೊಡಕನ್ನು ಬಿಡಿಸಿದ್ದು ಒಬ್ಬ ಫ್ರೆಂಚ್ ಮಹಿಳೆ, ಆನ್ ಪೋಲಿನ್ ಕ್ರೆಪಿನ್. ಬಾಳಿಕೆ ಬರುವ ಬೆಸುಗೆಯ ವಿಧಾನಕ್ಕೆ ಆಕೆ 1846ರಲ್ಲಿ ಪೇಟೆಂಟ್ ಕೋರಿದರು. ಪ್ಯಾರಿಸ್ಸಿನ ಪೆರಿನ್ ಕಂಪನಿ ಅದರ ಹಕ್ಕು ಕೊಂಡು, ಉತ್ತಮ ಉಕ್ಕು ಮತ್ತು ಹದ ಹಾಕುವ ಹೊಸ ಕ್ರಮಗಳನ್ನು ಜೊತೆಗೂಡಿಸಿ ಇಂದಿನ ಬ್ಲೇಡಿನ ಮೊದಲ ರೂಪವನ್ನು ತಯಾರಿಸಿತು.

3. ಮನೆ ಕಾರ್ಯಾಗಾರದ ಬ್ಯಾಂಡ್‌ಸಾಗೆ ಮಾದರಿಯಾದದ್ದು ಅಮೆರಿಕದ ಡೆಲ್ಟಾ ಕಂಪನಿಯ 14 ಇಂಚಿನ ಎರಕದ ಯಂತ್ರ. ಹರ್ಬರ್ಟ್ ಟೌಟ್ಸ್ 1919ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಕಂಪನಿ ಅದು. ಮುಂದೆ ತೈವಾನ್, ಚೀನಾಗಳಲ್ಲಿ ಅದರ ಪಡಿಯಚ್ಚುಗಳು ಬಂದವು. ಲಾಭ ಏನೆಂದರೆ, ಒಬ್ಬರ ಯಂತ್ರದ ಟೈರು, ಸ್ಪ್ರಿಂಗು, ಗೈಡುಗಳು ಎಷ್ಟೋ ಸಲ ಇನ್ನೊಬ್ಬರ ಯಂತ್ರಕ್ಕೂ ಕೂರುತ್ತವೆ.

4. ‘14 ಇಂಚು’ ಎಂದರೆ ಕೊಯ್ಯಬಹುದಾದ ಹಲಗೆಯ ದಪ್ಪ ಅಲ್ಲ, ಚಕ್ರದ ವ್ಯಾಸ. ಡೆಲ್ಟಾ ಮಾದರಿಯ 14 ಇಂಚಿನ ಯಂತ್ರದಲ್ಲಿ ಗೈಡಿನ ಕೆಳಗೆ ಹಿಡಿಯುವ ಮರದ ಎತ್ತರ ಸುಮಾರು 6 ಇಂಚು ಮಾತ್ರ. ಕೊಳ್ಳುವಾಗ ಎರಡೂ ಅಳತೆ ಕೇಳಿ.

ಬ್ಲೇಡು: ದುಡ್ಡು ಮೊದಲು ಹೋಗಬೇಕಾದ ಜಾಗ

5. ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವ ಬ್ಲೇಡು ಸಾಮಾನ್ಯವಾಗಿ ಅಗ್ಗದ್ದು. ಅದನ್ನು ತೆಗೆದು ಒಳ್ಳೆಯದೊಂದನ್ನು ಹಾಕುವುದೇ ಎಲ್ಲಕ್ಕಿಂತ ದೊಡ್ಡ ಸುಧಾರಣೆ. ಮೊಂಡು ಬ್ಲೇಡಿಗೆ ಹಲಗೆಯನ್ನು ಒತ್ತಿ ತಳ್ಳಬೇಕು. ಒತ್ತಿದಷ್ಟೂ ಬ್ಲೇಡು ಪಕ್ಕಕ್ಕೆ ಬಾಗುತ್ತದೆ, ಕೊಯ್ತ ಹೊಟ್ಟೆ ಉಬ್ಬಿದಂತಾಗುತ್ತದೆ.

6. ಒಂದು ಲೆಕ್ಕ ಹಾಕಿ. 14 ಇಂಚಿನ ಯಂತ್ರದ ಬ್ಲೇಡಿನ ಉದ್ದ 93.5 ಇಂಚು. ಮರ ಕೊಯ್ಯುವಾಗಿನ ವೇಗ ನಿಮಿಷಕ್ಕೆ ಸುಮಾರು 3,000 ಅಡಿ. ಅಂದರೆ ಬ್ಲೇಡು ನಿಮಿಷಕ್ಕೆ ಹೆಚ್ಚುಕಡಿಮೆ 385 ಸುತ್ತು ಹೊಡೆಯುತ್ತದೆ. ಸುತ್ತಿಗೆ ಎರಡು ಸಲ ಬಾಗಿ ನೆಟ್ಟಗಾಗುತ್ತದೆ. ಒಂದು ಗಂಟೆ ಓಡಿಸಿದರೆ 46,000ಕ್ಕೂ ಹೆಚ್ಚು ಬಾಗು! ಬ್ಲೇಡು ಸವೆಯುವುದಕ್ಕೆ ಮೊದಲೇ ಸೀಳು ಬಿಡುವುದು ಇದರಿಂದ.

7. ಚಕ್ರ ಚಿಕ್ಕದಾದಷ್ಟೂ ಬಾಗು ಹೆಚ್ಚು. ಆದ್ದರಿಂದ ಮೇಜಿನ ಮೇಲಿಡುವ 8, 9, 10 ಇಂಚಿನ ಯಂತ್ರಕ್ಕೆ ದಪ್ಪ ಬ್ಲೇಡು ಸಲ್ಲದು. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಸುಮಾರು 0.6 ಮಿ.ಮೀ. ದಪ್ಪದ್ದು. ಚಿಕ್ಕ ಚಕ್ರಕ್ಕೆ 0.35 ಮಿ.ಮೀ. ಆಸುಪಾಸಿನದು ಹೆಚ್ಚು ಕಾಲ ಬಾಳುತ್ತದೆ. ಅಂಗಡಿಯಲ್ಲಿ ಅಗಲ, ಉದ್ದದ ಜೊತೆ ದಪ್ಪವನ್ನೂ ಕೇಳಿ ತೆಗೆದುಕೊಳ್ಳಿ.

8. ಹಲ್ಲಿನ ಲೆಕ್ಕಕ್ಕೆ ಸುಲಭ ನಿಯಮ: ಮರದ ದಪ್ಪದೊಳಗೆ ಯಾವಾಗಲೂ ಕನಿಷ್ಠ 3 ಹಲ್ಲು ಇರಬೇಕು. 6 ಮಿ.ಮೀ. ಪ್ಲೈವುಡ್ಡಿಗೆ ಇಂಚಿಗೆ 12ರಿಂದ 14 ಹಲ್ಲಿನದು ಸರಿ. 5–6 ಇಂಚು ಎತ್ತರದ ಹಲಗೆ ಸೀಳುವಾಗ ಇಂಚಿಗೆ 3 ಹಲ್ಲು ಸಾಕು. ಅಲ್ಲಿ ಹಲ್ಲು ಹೆಚ್ಚಾದರೆ ಸಂದುಗಳಲ್ಲಿ ಪುಡಿ ತುಂಬಿ, ಬ್ಲೇಡು ಕಾಯ್ದು, ಮರ ಕಪ್ಪಾಗುತ್ತದೆ.

9. ಅಗಲದ ಬ್ಲೇಡು ನೇರ ಹೋಗುತ್ತದೆ, ಕಿರಿದು ತಿರುಗುತ್ತದೆ. ಅರೆಕಾಲು ಇಂಚಿನದು ಸುಮಾರು 5 ಮಿ.ಮೀ. ತ್ರಿಜ್ಯದ ತಿರುವು ತೆಗೆದುಕೊಳ್ಳುತ್ತದೆ. ಕಾಲು ಇಂಚಿನದಕ್ಕೆ 16 ಮಿ.ಮೀ. ಬೇಕು, ಅರ್ಧ ಇಂಚಿನದಕ್ಕೆ 64 ಮಿ.ಮೀ. ಮುಕ್ಕಾಲು ಇಂಚಿನದಕ್ಕೆ ಬರೋಬ್ಬರಿ 138 ಮಿ.ಮೀ.! ಈ ಪಟ್ಟಿಯನ್ನು ಬರೆದು ಯಂತ್ರದ ಬಾಗಿಲಿಗೆ ಅಂಟಿಸಿಡಿ. ಖರ್ಚಿಲ್ಲದ ಸುಧಾರಣೆ ಇದು.

10. ಹೊಸ ಬ್ಲೇಡು ಹಾಕಿದರೆ ಹಲ್ಲು ಮೇಲ್ಮುಖವಾಗಿದೆಯೇ? ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ದಪ್ಪ ಕೈಗವಸು ಹಾಕಿಕೊಂಡು ಬ್ಲೇಡನ್ನು ಒಳಗಿನದು ಹೊರಗಾಗುವಂತೆ ಮಗುಚಿ. ಹಲ್ಲು ಕೆಳಮುಖವಾಗುತ್ತದೆ. ಯಂತ್ರ ಓಡುವಾಗ ಮಾತ್ರ ಕೈಗವಸು ಕೂಡದು; ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

11. ಬ್ಲೇಡಿನ ಬೆನ್ನಿನ ಎರಡು ಚೂಪು ಅಂಚುಗಳನ್ನು ಸಾಣೆಕಲ್ಲಿನಿಂದ ಉಜ್ಜಿ ದುಂಡಗೆ ಮಾಡಿದರೆ, ತಿರುವುಗಳಲ್ಲಿ ಅದು ಮರಕ್ಕೆ ಕಚ್ಚಿಕೊಳ್ಳದೆ ಜಾರುತ್ತದೆ. ಯಂತ್ರ ಓಡುತ್ತಿರುವಾಗ ಹಿಂದಿನಿಂದ ಕಲ್ಲು ತಾಗಿಸುವುದು ರೂಢಿ. ಕಿಡಿ ಹಾರುತ್ತದೆ, ಹಾಗಾಗಿ ಮೊದಲು ಒಳಗಿನ ಮರದ ಪುಡಿಯನ್ನೆಲ್ಲ ತೆಗೆಯಿರಿ.

12. ಎಷ್ಟೋ ಬ್ಲೇಡುಗಳು ಮೊಂಡಾಗದೆಯೇ ಕಸದ ಬುಟ್ಟಿ ಸೇರುತ್ತವೆ. ಹಲ್ಲಿಗೆ ಹತ್ತಿದ ಮರದ ಅಂಟೇ ಕೊಯ್ತ ಕೆಡಿಸಿರುತ್ತದೆ. ಬ್ಲೇಡು ಬಿಚ್ಚಿ, ಅಡುಗೆಮನೆಯ ಜಿಡ್ಡು ತೆಗೆಯುವ ದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೆ ಟೂತ್‌ಬ್ರಶ್ಶಿನಿಂದ ಉಜ್ಜಿ, ಚೆನ್ನಾಗಿ ಒರೆಸಿ ಒಣಗಿಸಿ. ಆಮೇಲೆ ನಿರ್ಧರಿಸಿ, ಎಸೆಯಬೇಕೋ ಬೇಡವೋ ಎಂದು.

13. ‘ಬೈಮೆಟಲ್’ ಬ್ಲೇಡಿನಲ್ಲಿ ಬೆನ್ನು ಸ್ಪ್ರಿಂಗಿನಂತೆ ಬಾಗುವ ಉಕ್ಕು, ಹಲ್ಲಿನ ಅಂಚು ಹೈಸ್ಪೀಡ್ ಸ್ಟೀಲ್. ಎರಡನ್ನೂ ಎಲೆಕ್ಟ್ರಾನ್ ಕಿರಣದಿಂದ ಬೆಸೆದಿರುತ್ತಾರೆ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ಅದಕ್ಕೆ ಬಿಗಿಯೂ ಹೆಚ್ಚು ಬೇಕು. ಚಿಕ್ಕ ಯಂತ್ರ ಅಷ್ಟು ಬಿಗಿ ತಡೆಯದಿದ್ದರೆ ಸಾದಾ ಕಾರ್ಬನ್ ಸ್ಟೀಲ್ ಬ್ಲೇಡೇ ಜಾಣತನ.

14. ಬ್ಲೇಡು ಕಾರ್ಖಾನೆಯಿಂದ ಹೊರಡುವುದು ಉದ್ದದ ಸುರುಳಿಯಾಗಿ. ಬೇಕಾದ ಅಳತೆಗೆ ಕತ್ತರಿಸಿ ಬೆಸೆದು ಕೊಡುವುದು ಬ್ಲೇಡಿನ ಅಂಗಡಿಗಳಲ್ಲಿ ಇರುವ ಪದ್ಧತಿ. ಹೀಗಾಗಿ ನಿಮ್ಮ ಯಂತ್ರದ್ದು ವಿಚಿತ್ರ ಅಳತೆಯಾದರೂ ಚಿಂತೆ ಇಲ್ಲ. ಬೆಸುಗೆಯ ಜಾಗದ ಮೇಲೆ ಬೆರಳು ಆಡಿಸಿ ನೋಡಿ. ಉಬ್ಬಿದ್ದರೆ ಅರದಿಂದ ಸವರಿ. ಆ ಉಬ್ಬೇ ಗೈಡಿನಲ್ಲಿ ‘ಟಕ್ ಟಕ್’ ಎನ್ನುವುದು.

15. ಬ್ಯಾಂಡ್‌ಸಾ ತಿನ್ನುವ ಮರ ಕಡಿಮೆ. ಅದರ ಕೊಯ್ತದ ಸೀಳು ಸುಮಾರು 1 ಮಿ.ಮೀ.; ಸಾಮಾನ್ಯ ಟೇಬಲ್‌ಸಾದ್ದು ಸುಮಾರು 3 ಮಿ.ಮೀ. 25 ಮಿ.ಮೀ. ದಪ್ಪದ ಹಲಗೆಯಿಂದ 3 ಮಿ.ಮೀ. ಪದರಗಳನ್ನು ಸೀಳುವುದಾದರೆ ಟೇಬಲ್‌ಸಾದಲ್ಲಿ 4 ಸಿಗುತ್ತವೆ, ಬ್ಯಾಂಡ್‌ಸಾದಲ್ಲಿ 6. ತೇಗ, ಬೀಟೆಗಳ ಇಂದಿನ ಬೆಲೆಯಲ್ಲಿ ಎರಡು ಪದರ ಹೆಚ್ಚು ಸಿಕ್ಕರೆ ಒಳ್ಳೆಯ ಬ್ಲೇಡಿನ ಖರ್ಚು ಬೇಗ ಹುಟ್ಟುತ್ತದೆ.

ಚಕ್ರ ಮತ್ತು ಟೈರು

16. ಚಕ್ರದ ಟೈರು ಚಪ್ಪಟೆಯಲ್ಲ. ಹಲವು ಯಂತ್ರಗಳಲ್ಲಿ ನಡುಭಾಗ ಕೊಂಚ ಉಬ್ಬಿರುತ್ತದೆ. ತಿರುಗುವ ಪಟ್ಟಿ ತಾನಾಗಿಯೇ ಹೆಚ್ಚು ವ್ಯಾಸದ ಕಡೆಗೆ ಏರುತ್ತದೆ, ಅದರಿಂದ ಬ್ಲೇಡು ನಡುವೆ ನಿಲ್ಲುತ್ತದೆ. ಉಬ್ಬು ಸವೆದು ತಗ್ಗಾದರೆ ಬ್ಲೇಡು ಅತ್ತಿತ್ತ ಓಲಾಡುತ್ತದೆ. ಆಗ ಎಷ್ಟು ತಿರುಪು ತಿರುಗಿಸಿದರೂ ಫಲವಿಲ್ಲ, ಟೈರನ್ನೇ ನೋಡಬೇಕು.

17. ಹಳೆಯ ರಬ್ಬರ್ ಟೈರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬದಲಾಯಿಸುವಾಗ ಅಂಟು ಹಾಕಬೇಕಾಗುತ್ತದೆ. ಯುರೆಥೇನ್ ಟೈರಿಗೆ ಆ ರಗಳೆ ಇಲ್ಲ. ಬಿಸಿನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಎಳೆದು ಚಕ್ರಕ್ಕೆ ತೊಡಿಸಿದರೆ ಆರುತ್ತ ಆರುತ್ತ ಬಿಗಿಯುತ್ತದೆ. ಇಬ್ಬರಿದ್ದರೆ ಕೆಲಸ ಸಲೀಸು: ಒಬ್ಬರು ಹಿಡಿಯಲು, ಒಬ್ಬರು ಎಳೆಯಲು.

18. ಟೈರಿಗೆ ಸೈಕಲ್ ಟ್ಯೂಬೂ ಆದೀತು! ಕೆನಡಾದ ಮಥಾಯಸ್ ವಾಂಡೆಲ್ ಚೌಕಟ್ಟು, ಚಕ್ರ ಎಲ್ಲವನ್ನೂ ಮರ ಮತ್ತು ಪ್ಲೈವುಡ್ಡಿನಲ್ಲೇ ಮಾಡಿದ ಬ್ಯಾಂಡ್‌ಸಾಗಳಿಂದ ಹೆಸರಾದವರು. ಅವರ ಚಕ್ರಗಳಿಗೆ ತೊಡಿಸಿದ್ದು ಸೈಕಲ್ಲಿನ ಒಳಟ್ಯೂಬು. ಅವರ ನಕಾಶೆ ನೋಡಿ ಹಲವು ದೇಶಗಳ ಹವ್ಯಾಸಿಗಳು ತಮ್ಮ ಬ್ಯಾಂಡ್‌ಸಾ ತಾವೇ ಕಟ್ಟಿಕೊಂಡಿದ್ದಾರೆ.

19. ಕೆಳಗಿನ ಚಕ್ರ ಮರದ ಪುಡಿಯ ಮಳೆಯಲ್ಲೇ ತಿರುಗುತ್ತದೆ. ಬ್ಲೇಡು ಪುಡಿಯನ್ನು ಟೈರಿಗೆ ಒತ್ತಿ ಒತ್ತಿ ಗಟ್ಟಿ ಪದರ ಕಟ್ಟುತ್ತದೆ, ಚಕ್ರ ಕುಣಿಯತೊಡಗುತ್ತದೆ. ಮದ್ದು ಅಗ್ಗ: ಒಂದು ಗಡುಸು ಬ್ರಶ್ಶನ್ನು ಟೈರಿಗೆ ತಾಗುವಂತೆ ಒಳಗೆ ತಿರುಪು ಹಾಕಿ ಕೂರಿಸಿ. ಹಳೆ ಟೂತ್‌ಬ್ರಶ್ಶೂ ನಡೆಯುತ್ತದೆ.

20. ಮೇಲಿನ ಚಕ್ರ, ಕೆಳಗಿನ ಚಕ್ರ ಒಂದೇ ಸಮತಲದಲ್ಲಿವೆಯೇ? ಉದ್ದನೆಯ ನೇರಪಟ್ಟಿಯೊಂದನ್ನು ಎರಡರ ಅಂಚಿಗೂ ತಾಗಿಸಿ ನೋಡಿ. ಬ್ಲೇಡು ಬಿಗಿಯಾಗಿರುವಾಗಲೇ ನೋಡಬೇಕು. ಬಿಗಿ ಬಿದ್ದಾಗ ಚೌಕಟ್ಟು ಕೊಂಚ ಬಾಗುತ್ತದೆ. ವ್ಯತ್ಯಾಸ ಇದ್ದರೆ ಚಕ್ರದ ಹಿಂದೆ ಒಂದೆರಡು ತೆಳು ವಾಷರ್ ಹಾಕಿದರೆ ಮುಗಿಯಿತು.

ಬಿಗಿಯ ಲೆಕ್ಕ

21. ಅರ್ಧ ಇಂಚಿನ ಸಾದಾ ಬ್ಲೇಡನ್ನು ಸರಿಯಾಗಿ ಬಿಗಿಯಲು ಮೇಲಿನ ಚಕ್ರವನ್ನು ಸುಮಾರು 170 ಕಿಲೋ ಬಲದಿಂದ ಎತ್ತಬೇಕು. ಚದರ ಇಂಚಿಗೆ 15,000 ಪೌಂಡ್ ಎಂಬ ಲೆಕ್ಕದಲ್ಲಿ ಬರುವ ಅಂಕಿ ಇದು. ಬೈಮೆಟಲ್‌ಗೆ 25,000 ಹಿಡಿದರೆ 280 ಕಿಲೋ ದಾಟುತ್ತದೆ. ಇಷ್ಟನ್ನೂ ಹೊರುವುದು ಹೆಬ್ಬೆರಳು ಗಾತ್ರದ ಒಂದು ಸ್ಪ್ರಿಂಗು!

22. ಆ ಸ್ಪ್ರಿಂಗಿನ ಸುತ್ತುಗಳು ಪೂರ್ತಿ ಒಂದಕ್ಕೊಂದು ತಾಗಿ ಕೂತಿದ್ದರೆ ಅದರ ಕೆಲಸ ಮುಗಿದಂತೆ. ಆಮೇಲೆ ಹಿಡಿ ತಿರುಗಿಸಿದರೆ ಬ್ಲೇಡು ಬಿಗಿಯುವ ಬದಲು ಚೌಕಟ್ಟಿನ ಎರಕ ನರಳುತ್ತದೆ. ಇನ್ನೂ ಗಡುಸಾದ ಸ್ಪ್ರಿಂಗು ಹಾಕುವುದು 14 ಇಂಚಿನ ಯಂತ್ರದವರು ಮೆಚ್ಚಿಕೊಂಡ ಅಗ್ಗದ ಬದಲಾವಣೆ.

23. ಯಂತ್ರದ ಮೇಲಿರುವ ಬಿಗಿಯ ಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಪ್ರಿಂಗು ಹಳತಾದಂತೆ ಅದು ಸುಳ್ಳಾಡುತ್ತದೆ. ಬಡಗಿಗಳ ಬೆರಳ ಪರೀಕ್ಷೆ ಹೀಗಿದೆ: ಪ್ಲಗ್ ತೆಗೆದು, ಗೈಡನ್ನು 6 ಇಂಚು ಎತ್ತರಿಸಿ, ಬ್ಲೇಡಿನ ಪಕ್ಕದಿಂದ ಬೆರಳಲ್ಲಿ ಸಾಧಾರಣವಾಗಿ ಒತ್ತಿ. ಸುಮಾರು 6 ಮಿ.ಮೀ. ಸರಿದರೆ ಸಾಕಷ್ಟು ಬಿಗಿ ಇದೆ ಎಂದರ್ಥ.

24. ಕೆಲಸ ಮುಗಿದ ಮೇಲೆ ಬಿಗಿ ಸಡಿಲಿಸುವುದು ಒಳ್ಳೆಯದು. ಇಲ್ಲವಾದರೆ ಟೈರಿನಲ್ಲಿ ಗುಣಿ ಬೀಳುತ್ತದೆ, ಸ್ಪ್ರಿಂಗು ಸೋಲುತ್ತದೆ. ಹಿಡಿಯನ್ನು ಹತ್ತಾರು ಸಲ ತಿರುಗಿಸುವ ಬೇಸರಕ್ಕೆ ಯಾರೂ ಇದನ್ನು ಮಾಡುವುದಿಲ್ಲ. ಒಂದೇ ಎಳೆತಕ್ಕೆ ಸಡಿಲವಾಗುವ ಸನ್ನೆ ಪ್ರತ್ಯೇಕವಾಗಿ ಸಿಗುತ್ತದೆ. ಅದು ದುಬಾರಿ ಎನಿಸಿದರೆ ದುಂಡು ಹಿಡಿಯ ಜಾಗಕ್ಕೆ ಉದ್ದ ತೋಳಿನ ಹಿಡಿ ಹಾಕಿ. ಸಡಿಲಿಸಿದಾಗ ಒಂದು ಚೀಟಿ ತೂಗುಹಾಕಿ. ಮರೆತು ಸ್ವಿಚ್ ಒತ್ತಿದರೆ ಬ್ಲೇಡು ಹಾರುತ್ತದೆ.

ಗೈಡುಗಳು

25. ಗೈಡ್ ಬ್ಲಾಕಿಗೂ ಬ್ಲೇಡಿಗೂ ನಡುವೆ ಎಷ್ಟು ಸಂದು ಇರಬೇಕು? ಅಮೆರಿಕದ ಬಡಗಿಗಳು ಅಳೆಯುವುದು ಒಂದು ಡಾಲರ್ ನೋಟಿನಿಂದ. ಅದರ ದಪ್ಪ 0.11 ಮಿ.ಮೀ. ಬೇರೆ ಉಪಕರಣವೇ ಬೇಡ. ನಿಮ್ಮ ಜೇಬಿನ ಯಾವ ನೋಟಾದರೂ ನಡೆದೀತು. ಬ್ಲಾಕಿನ ಮುಂಭಾಗ ಹಲ್ಲಿನ ಸಂದಿಗಿಂತ ತುಸು ಹಿಂದಿರಲಿ. ಹಲ್ಲಿಗೆ ಕಬ್ಬಿಣ ತಾಗಿದರೆ ಹರಿತ ಕ್ಷಣದಲ್ಲೇ ಹೋಗುತ್ತದೆ.

26. ಕಬ್ಬಿಣದ ಬ್ಲಾಕ್ ತೆಗೆದು ಗ್ರಾಫೈಟ್ ಬೆರೆಸಿದ ಫೀನಾಲಿಕ್ ಬ್ಲಾಕ್ ಹಾಕಿದರೆ ಬಿಸಿ ಕಡಿಮೆ, ಸದ್ದೂ ಕಡಿಮೆ. ಬ್ಲೇಡಿಗೆ ತಾಗಿಸಿಯೇ ಇಡಬಹುದು. ಅರೆಕಾಲು ಇಂಚಿನ ಸಣ್ಣ ಬ್ಲೇಡಿಗೆ ಇದು ವರ. ಅಷ್ಟೂ ಖರ್ಚು ಬೇಡವೆಂದರೆ ಗಟ್ಟಿ ಮರದ ತುಂಡನ್ನು ಅದೇ ಅಳತೆಗೆ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಹಾಕಿ. ಸವೆದರೆ ಅರದಲ್ಲಿ ಎರಡು ಉಜ್ಜು.

27. ಮರದ ಗೈಡು ಎಂದರೆ ಮೂಗು ಮುರಿಯಬೇಡಿ. ಲಿಗ್ನಮ್ ವೀಟೆ ಎಂಬ ಎಣ್ಣೆಯಂಶದ ಗಡಸು ಮರವನ್ನು ಹಡಗಿನ ಪ್ರೊಪೆಲರ್ ದಂಡದ ಬೇರಿಂಗಿಗೇ ಬಳಸುತ್ತಿದ್ದರು. ಬ್ಯಾಂಡ್‌ಸಾ ಗೈಡಿಗೂ ಅದೇ ಮರ ಹೆಸರುವಾಸಿ. ನಮ್ಮಲ್ಲಿ ಕಾರ್ಯಾಗಾರದ ಮೂಲೆಯಲ್ಲಿ ಬಿದ್ದಿರುವ ಬೀಟೆಯ ಚೂರಿಗೂ ಈ ಕೆಲಸ ಒಪ್ಪುತ್ತದೆ.

28. ಉರುಳುವ ಬೇರಿಂಗ್ ಗೈಡು ಬೇಕೇ? ಸ್ಕೇಟಿಂಗ್ ಚಕ್ರಗಳಲ್ಲಿ ಇರುವ 608 ನಂಬರಿನ ಬೇರಿಂಗು ಸಾಕು. ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಬೇರಿಂಗ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಎರಡೂ ಬದಿ ಮುಚ್ಚಿದ್ದನ್ನೇ ಕೇಳಿ. ತೆರೆದದ್ದಾದರೆ ಮರದ ಪುಡಿ ಒಳಹೊಕ್ಕು ಗ್ರೀಸನ್ನು ಹೀರಿಬಿಡುತ್ತದೆ.

29. ಬ್ಲೇಡಿನ ಬೆನ್ನ ಹಿಂದಿರುವ ಬೇರಿಂಗು ಮರ ತಳ್ಳಿದಾಗ ಮಾತ್ರ ತಿರುಗಬೇಕು. ಮರ ಇಲ್ಲದಾಗಲೂ ತಿರುಗುತ್ತಿದ್ದರೆ ತೀರಾ ಹತ್ತಿರ ಇದೆ ಎಂದರ್ಥ; ಕೂದಲೆಳೆಯಷ್ಟು ಹಿಂದೆ ಸರಿಸಿ. ಅದರ ಮೇಲೆ ಗೀರು ಬಿದ್ದಿದ್ದರೆ ಹೊಸತು ಹಾಕಿ. ಗೀರಿಗೆ ಸಿಕ್ಕಿದ ಬ್ಲೇಡು ನೇರ ಹೋಗುವುದಿಲ್ಲ.

30. ಮೇಲಿನ ಗೈಡು ಮರಕ್ಕಿಂತ ಸುಮಾರು 6 ಮಿ.ಮೀ. ಮಾತ್ರ ಎತ್ತರದಲ್ಲಿರಲಿ. ಕೊಯ್ತ ನೇರವಾಗುತ್ತದೆ, ಬೆರಳಿಗೆ ತಗಲುವ ತೆರೆದ ಬ್ಲೇಡೂ ಕಡಿಮೆಯಾಗುತ್ತದೆ. ಒಂದೇ ಹೊಂದಾಣಿಕೆಗೆ ಎರಡು ಲಾಭ, ಖರ್ಚು ಸೊನ್ನೆ.

ನಡುಕ, ಬೆಲ್ಟು, ಮೋಟಾರು

31. ಯಂತ್ರ ಓಡುವಾಗ ಮೇಜಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುವುದು ಅಮೆರಿಕದ ಹವ್ಯಾಸಿಗಳ ಹೆಮ್ಮೆಯ ಪರೀಕ್ಷೆ. ಅವರದು 5 ಸೆಂಟಿನ ನಾಣ್ಯ. ನಮ್ಮ ಹಳೆಯ ದಪ್ಪ 5 ರೂಪಾಯಿಯೂ ಆದೀತು. ಬ್ಲೇಡಿನಿಂದ ದೂರ ಇಡಿ. ಬಿದ್ದರೆ ಬೆಲ್ಟು, ಪುಲ್ಲಿ, ಟೈರು, ಈ ಕ್ರಮದಲ್ಲಿ ಹುಡುಕಿ.

32. ಯಂತ್ರ ವಾರಗಟ್ಟಲೆ ನಿಂತರೆ ಸಾದಾ ವಿ-ಬೆಲ್ಟು ಪುಲ್ಲಿಯ ಸುತ್ತು ಇದ್ದ ಆಕಾರಕ್ಕೇ ಸೆಟೆದುಕೊಳ್ಳುತ್ತದೆ. ಮತ್ತೆ ಓಡಿಸಿದಾಗ ಆ ಬಾಗು ಪುಲ್ಲಿಗೆ ಬಡಿಯುತ್ತದೆ. ಕೊಂಡಿ ಕೊಂಡಿ ಸೇರಿಸಿದ ಲಿಂಕ್ ಬೆಲ್ಟಿಗೆ ಈ ಚಾಳಿ ಇಲ್ಲ. ಕೊಂಡಿ ಕಳಚಿ ಉದ್ದವನ್ನೂ ಹೊಂದಿಸಬಹುದು. ಅದರ ಮೇಲಿರುವ ಬಾಣದ ಗುರುತು ತಿರುಗುವ ದಿಕ್ಕಿಗೇ ಇರಲಿ.

33. ಅಗ್ಗದ ಯಂತ್ರಗಳ ಎರಕದ ಪುಲ್ಲಿ ಎಷ್ಟೋ ಸಲ ದುಂಡಗೇ ಇರುವುದಿಲ್ಲ. ಲೇತಿನಲ್ಲಿ ಕಡೆದ ಪುಲ್ಲಿ ಹಾಕಿಸಿದರೆ ಅರ್ಧ ನಡುಕ ಅಲ್ಲೇ ಇಳಿಯುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಯಂತ್ರ ಸಾಮಾನಿನ ಬೀದಿಗಳಲ್ಲಿ ಪುಲ್ಲಿ, ಬೆಲ್ಟು, ಬೇರಿಂಗು ಅಕ್ಕಪಕ್ಕದಲ್ಲೇ ಸಿಗುತ್ತವೆ. ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ, ಅಳತೆ ತಪ್ಪುವುದಿಲ್ಲ.

34. ಅಮೆರಿಕದಿಂದ ಮರಳುವ ಕನ್ನಡಿಗರೇ, ಕಂಟೇನರಿನಲ್ಲಿ ಬ್ಯಾಂಡ್‌ಸಾ ತುಂಬುವ ಮುನ್ನ ಗಮನಿಸಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸೀತು, ಹರ್ಟ್ಸ್ ಬದಲಿಸಲಾರದು. ಅಲ್ಲಿ ನಿಮಿಷಕ್ಕೆ 1,725 ಸುತ್ತು ತಿರುಗುತ್ತಿದ್ದ ಇಂಡಕ್ಷನ್ ಮೋಟಾರು ಇಲ್ಲಿ ಸುಮಾರು 1,440ಕ್ಕೆ ಇಳಿಯುತ್ತದೆ, ಕಾಯುವುದೂ ಹೆಚ್ಚು. ಇಲ್ಲಿನದೇ ಮೋಟಾರು ಹಾಕಿ, ಅದರ ಪುಲ್ಲಿಯನ್ನು ಐದನೆಯ ಒಂದು ಭಾಗದಷ್ಟು ದೊಡ್ಡದು ಮಾಡಿಸಿದರೆ ಬ್ಲೇಡಿನ ಹಳೆಯ ವೇಗ ಮರಳುತ್ತದೆ.

ಮೇಜು ಮತ್ತು ಫೆನ್ಸು

35. ಬ್ಲೇಡು ಮೇಜಿಗೆ ಲಂಬವಾಗಿದೆಯೇ ಎಂದು ತಿಳಿಯಲು ಮೂಲೆಮಟ್ಟವೂ ಬೇಡ. ಚೌಕ ತುಂಡೊಂದರ ಅಂಚಿಗೆ ತುಸುವೇ ಕೊಯ್ದು ಯಂತ್ರ ನಿಲ್ಲಿಸಿ. ತುಂಡನ್ನು ತಲೆಕೆಳಗು ಮಾಡಿ, ಆ ಸೀಳನ್ನು ಬ್ಲೇಡಿನ ಹಿಂದಿನಿಂದ ತಂದು ಸೇರಿಸಿ. ಸರಾಗವಾಗಿ ಹೊಕ್ಕರೆ ಮೇಜು ಸರಿ. ತಡೆದರೆ ಮೇಜಿನ ತಿರುಪಿಗೆ ಕೆಲಸ.

36. ಮೇಜಿನ ನಡುವಿನ ತೂತಿನ ಬಿಲ್ಲೆ ಸವೆದು ಅಗಲವಾಗಿದ್ದರೆ ಚಿಕ್ಕ ಚೂರುಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ತೆಳು ಪ್ಲೈವುಡ್ಡಿನಲ್ಲೋ, ತರಕಾರಿ ಹೆಚ್ಚುವ ಹಳೆಯ ಪ್ಲಾಸ್ಟಿಕ್ ಮಣೆಯಲ್ಲೋ ಹೊಸ ಬಿಲ್ಲೆ ಕತ್ತರಿಸಿ. ಅದರ ಸೀಳನ್ನು ಅದೇ ಬ್ಲೇಡಿನಲ್ಲಿ ಕೊಯ್ದರೆ ಸಂದೇ ಉಳಿಯುವುದಿಲ್ಲ. ಮರದ ಅಡಿಭಾಗ ಸಿಬಿರೇಳುವುದೂ ತಪ್ಪುತ್ತದೆ.

37. ಹಲಗೆಯನ್ನು ಆನಿಸಿ ತಳ್ಳುವ ಫೆನ್ಸಿಗೆ ಒತ್ತಿ ಹಿಡಿದರೂ ಕೊಯ್ತ ಓರೆಯಾಗುತ್ತಿದೆಯೇ? ಮೊದಲು ಬ್ಲೇಡು ಮೇಲಿನ ಚಕ್ರದಲ್ಲಿ ಕೂತಿರುವ ಜಾಗ ನೋಡಿ. ಹಲ್ಲಿನ ಸಂದಿನ ತಳ ಟೈರಿನ ನಡುಗೆರೆಯ ಮೇಲೆ ಬರುವಂತೆ ಹೊಂದಿಸಿದರೆ ಬಹಳಷ್ಟು ಓರೆ ಹೋಗುತ್ತದೆ. ಉಳಿದದ್ದಕ್ಕೆ, ಗೆರೆ ಎಳೆದ ಹಲಗೆಯನ್ನು ಬರಿಗೈಯಲ್ಲಿ ಅರ್ಧದವರೆಗೆ ಕೊಯ್ದು, ಅದು ನಿಂತ ಕೋನಕ್ಕೇ ಫೆನ್ಸನ್ನು ತಿರುಗಿಸಿ.

38. ಫೆನ್ಸು ಕೊಳ್ಳಲೇಬೇಕೆಂದಿಲ್ಲ. ನೆಟ್ಟಗಿನ ಪ್ಲೈವುಡ್ ಎರಡು ತುಂಡು ಲಂಬವಾಗಿ ಜೋಡಿಸಿ, ಕ್ಲ್ಯಾಂಪಿನಿಂದ ಮೇಜಿಗೆ ಕಚ್ಚಿಸಿದರೆ ಹಲಗೆ ಸೀಳಲು ಬೇಕಾದ ಎತ್ತರದ ಫೆನ್ಸು ಸಿದ್ಧ. ದುಂಡು ಮೂಗಿನ ಒಂದೇ ಕಂಬ ನಿಲ್ಲಿಸಿದರೂ ಆಗುತ್ತದೆ. ಬ್ಲೇಡು ಸರಿದಂತೆ ಹಲಗೆಯನ್ನು ಕೈಯಲ್ಲೇ ತಿದ್ದುತ್ತಾ ಹೋಗಬಹುದು.

39. ದುಂಡು ಮಣೆ, ಸ್ಟೂಲಿನ ಮೇಲ್ಭಾಗಗಳನ್ನು ಕೊಯ್ಯಲು ಒಂದು ಹಲಗೆ, ತಲೆ ಕತ್ತರಿಸಿದ ಒಂದು ಮೊಳೆ ಸಾಕು. ಮರ ಮೊಳೆಯ ಮೇಲೆ ತಿರುಗುತ್ತದೆ, ಬ್ಲೇಡು ವೃತ್ತ ಬರೆಯುತ್ತದೆ. ಗುಟ್ಟು ಒಂದೇ: ಮೊಳೆ ಹಲ್ಲಿನ ತುದಿಯ ನೇರಕ್ಕೇ ಇರಬೇಕು. ಮುಂದೋ ಹಿಂದೋ ಆದರೆ ಬ್ಲೇಡು ಒತ್ತಿಕೊಂಡು ವೃತ್ತ ಕೆಡುತ್ತದೆ.

40. ಡೆಲ್ಟಾ ಮಾದರಿಯ ಯಂತ್ರದ ಕಂಬದ ನಡುವೆ 6 ಇಂಚಿನ ಎರಕದ ತುಂಡು ಸೇರಿಸಿದರೆ ಸೀಳುವ ಎತ್ತರ 6ರಿಂದ 12 ಇಂಚಿಗೆ ಏರುತ್ತದೆ. ಬ್ಲೇಡು 93.5ರ ಬದಲು 105 ಇಂಚಿನದು ಬೇಕು. ಹಾಗೆಂದು ಅರ್ಧ ಎಚ್‌ಪಿ ಮೋಟಾರಿನಿಂದ 12 ಇಂಚಿನ ಹೊನ್ನೆ ಸೀಳುವ ಕನಸು ಬೇಡ. ಎತ್ತರ ದುಪ್ಪಟ್ಟಾಗುತ್ತದೆ, ಮೋಟಾರಿನ ಶಕ್ತಿ ಅಷ್ಟೇ ಇರುತ್ತದೆ.

41. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಕದ ಮೇಜು ಬೇಗ ತುಕ್ಕು ಹಿಡಿಯುತ್ತದೆ. ಮೇಣ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ತುಕ್ಕೂ ದೂರ, ಹಲಗೆಯೂ ಸಲೀಸಾಗಿ ಜಾರುತ್ತದೆ. ಸಿಲಿಕೋನ್ ಇರುವ ಪಾಲಿಶ್ ಮಾತ್ರ ಬೇಡ. ಅದು ಮರಕ್ಕೆ ಅಂಟಿದರೆ ಮುಂದೆ ವಾರ್ನಿಶ್ ಸರಿಯಾಗಿ ಹಿಡಿಯುವುದಿಲ್ಲ.

ಬೆಳಕು, ಧೂಳು, ಬೆರಳು

42. ಹೊಲಿಗೆ ಯಂತ್ರಕ್ಕೆ ಅಂಟಿಸುವ, ಬಾಗುವ ಕತ್ತಿನ ಎಲ್‌ಇಡಿ ದೀಪ ನೋಡಿದ್ದೀರಲ್ಲ? ಅದರ ಬುಡದ ಅಯಸ್ಕಾಂತ ಬ್ಯಾಂಡ್‌ಸಾದ ಉಕ್ಕಿನ ಮೈಗೂ ಕಚ್ಚುತ್ತದೆ. ಬೆಳಕು ಸೀದಾ ಗೆರೆಯ ಮೇಲೆ ಬೀಳುತ್ತದೆ. ಕೆಲವು ನೂರು ರೂಪಾಯಿಗೆ ಇಷ್ಟು ಉಪಕಾರ ಮಾಡುವ ವಸ್ತು ಇನ್ನೊಂದಿಲ್ಲ.

43. ಮರದ ಧೂಳು ಬರೀ ಕೆಮ್ಮಿನ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಅದನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಧೂಳು ಹೆಚ್ಚು ಹೊಮ್ಮುವುದು ಮೇಜಿನ ಕೆಳಗೆ, ಬ್ಲೇಡು ಹೊರಬರುವ ಜಾಗದಲ್ಲಿ. ವ್ಯಾಕ್ಯೂಮಿನ ಕೊಳವೆಯನ್ನು ಅಲ್ಲಿಗೇ ಕಟ್ಟಿ. ಕೆಳಬಾಗಿಲಿನ ತೂತಿಗೆ ಇನ್ನೊಂದು ಕೊಳವೆ. ಮುಖಕ್ಕೆ ಒಳ್ಳೆಯ ಮಾಸ್ಕ್ ಇದ್ದೇ ಇರಲಿ.

44. ಟೇಬಲ್‌ಸಾದಂತೆ ಇದು ಮರವನ್ನು ಎದೆಗೆ ಎಸೆಯುವುದಿಲ್ಲ. ಬ್ಲೇಡಿನ ಬಲ ಮರವನ್ನು ಮೇಜಿಗೇ ಒತ್ತುತ್ತದೆ. ಆದರೆ ದುಂಡು ಕೋಲು ಇಟ್ಟಿರೋ, ಅದೇ ಬಲ ಕೋಲನ್ನು ಗಿರ್ರನೆ ಉರುಳಿಸಿ ಕೈಯನ್ನೂ ಎಳೆಯುತ್ತದೆ. ದುಂಡನೆಯದನ್ನು ‘ವಿ’ ಆಕಾರದ ತೋಡು ತೆಗೆದ ಮರದ ತುಂಡಿನಲ್ಲಿ ಕೂರಿಸಿಯೇ ಕೊಯ್ಯಿರಿ.

45. ಎರಡೂ ಕೈ ಮರ ಹಿಡಿದಿರುವಾಗ ಸ್ವಿಚ್ ಆರಿಸುವುದು ಹೇಗೆ? ಸ್ವಿಚ್ಚಿನ ಮುಂದೆ ಕೀಲು ಹಾಕಿದ ಮರದ ಪಟ್ಟಿ ತೂಗಿಸಿ, ಮೊಣಕಾಲಿನಿಂದ ಒತ್ತಿದರೆ ನಿಲ್ಲುವಂತೆ ಮಾಡಿ. ಚೂರು ಪ್ಲೈವುಡ್ಡು, ಒಂದು ಕೀಲು, ಅಷ್ಟೇ ಬಂಡವಾಳ. ಆರಿಸಿದ ಮೇಲೂ ಬ್ಲೇಡು ಕೆಲವು ಕ್ಷಣ ಓಡುತ್ತದೆ, ನೆನಪಿರಲಿ.

46. ಬ್ಯಾಂಡ್‌ಸಾವನ್ನು ಶಿಲ್ಪಿಯ ಉಳಿಯ ಹಾಗೆ ಬಳಸಿದವರು ಅಮೆರಿಕದ ಸ್ಯಾಮ್ ಮಲೂಫ್. ಅವರ ತೂಗುಕುರ್ಚಿಗಳು ಅಮೆರಿಕದ ಅಧ್ಯಕ್ಷರ ಮನೆಗಳನ್ನೂ ಸೇರಿದವು. 1985ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಮರವನ್ನು ಮೇಜಿನಿಂದ ಎತ್ತಿ ಗಾಳಿಯಲ್ಲೇ ತಿರುಗಿಸಿ ಕೊಯ್ಯುವುದು ಅವರ ವೈಖರಿ. ಇದನ್ನು ಅನುಕರಿಸಬೇಡಿ ಎಂದು ಅವರೇ ಇತರರನ್ನು ಎಚ್ಚರಿಸುತ್ತಿದ್ದರು.

47. ಯಂತ್ರ ಸರಿಹೋಯಿತೆಂದು ಊರವರ ದಿಮ್ಮಿಗಳನ್ನೆಲ್ಲ ಸೀಳಿಕೊಡಲು ಹೊರಡಬೇಡಿ. ದಿಮ್ಮಿ ಸೀಳುವ ಸಾಮಿಲ್ಲಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಮನೆಯ ಹವ್ಯಾಸ ವ್ಯಾಪಾರವಾಗುವ ಮೊದಲೇ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಕೊನೆಗೆ, ಖರ್ಚಿನ ಕ್ರಮ

48. ಮೊದಲು ಖರ್ಚಿಲ್ಲದ್ದು: ಚೊಕ್ಕಟ ಮಾಡುವುದು, ಗೈಡಿನ ಸಂದು, ಚಕ್ರದ ಸಮತಲ, ಮೇಜಿನ ಲಂಬ. ಆಮೇಲೆ ಹೊಸ ಬ್ಲೇಡು. ಮೂರನೆಯದು ಟೈರು, ಬೆಲ್ಟು. ನಾಲ್ಕನೆಯದು ಸ್ಪ್ರಿಂಗು. ಕಂಬ ಎತ್ತರಿಸುವುದು, ದೊಡ್ಡ ಮೋಟಾರು ಕಟ್ಟಕಡೆಗೆ. ಈ ಸಾಲಿನಲ್ಲಿ ಹೋದವರಿಗೆ ಎರಡನೆಯ ಮೆಟ್ಟಿಲಲ್ಲೇ ‘ಇಷ್ಟು ಸಾಕು’ ಅನ್ನಿಸುವುದು ಸಾಮಾನ್ಯ. ಯಾವುದನ್ನೇ ಮುಟ್ಟುವ ಮೊದಲು, ದಯವಿಟ್ಟು, ಪ್ಲಗ್ ಕಿತ್ತಿಡಿ.